ಸಣ್ಣ ಜೋಡಿಯನ್ನು ಬಿಡಲು ಕಲಿಸಿದಿರಿ, ಆಡಲು ಕಲಿಸಲಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಟೆಕ್ಸಸ್ ಹೋಲ್ಡೆಮ್ ಪೋಕರ್ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆಟ ಅರಿಯದವರಿಗಾಗಿ ಒಂದು ಮಾತು: ಪ್ರತಿಯೊಬ್ಬರಿಗೂ ಎರಡೆಲೆ ಗುಟ್ಟಾಗಿ ಬರುತ್ತವೆ, ಎಲ್ಲರಿಗೂ ಸೇರಿದ ಐದೆಲೆ ಮೇಜಿನ ಮೇಲೆ ಬೀಳುತ್ತವೆ, ಮೊದಲು ಮೂರು ಒಟ್ಟಿಗೆ (ಫ್ಲಾಪ್), ಬಳಿಕ ಒಂದು (ಟರ್ನ್), ಕೊನೆಗೆ ಒಂದು (ರಿವರ್); ಈ ಏಳರಲ್ಲಿ ಅತ್ಯುತ್ತಮ ಐದೆಲೆ ಯಾರದೋ ಅವರದೇ ಗೆಲುವು. ಸಣ್ಣ ಮೊತ್ತದ ಮೇಜಿನಲ್ಲಿ ಎರಡರಿಂದ ಆರರವರೆಗಿನ ಯಾವುದಾದರೂ ಜೋಡಿ, ಅಂದರೆ ಆಟಗಾರರು ಸಣ್ಣ ಪಾಕೆಟ್ ಪೇರ್ ಎನ್ನುವುದು, ಕೈಗೆ ಬಂದಾಗ ಫ್ಲಾಪ್ ಬಿದ್ದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಲೇಖಕರು ಬಹುಕಾಲದಿಂದ ಚಾಲ್ತಿಯಲ್ಲಿರುವ ಸೂತ್ರವನ್ನೇ ಉತ್ತರವಾಗಿ ಕೊಟ್ಟಿದ್ದಾರೆ: ಸೆಟ್ ಇಲ್ಲವೆಂದರೆ ಬೆಟ್ ಇಲ್ಲ. ಕೈಯ ಜೋಡಿಗೆ ಅದೇ ಅಂಕಿಯ ಮೂರನೆಯ ಎಲೆ ಮೇಜಿನ ಮೇಲೆ ಸಿಕ್ಕರೆ ಅದು ಸೆಟ್, ಹಣದ ಬಿಲ್ಲೆಗಳಾದ ಚಿಪ್ಸ್ ಪಣಕ್ಕಿಡುವುದು ಬೆಟ್. ಸೂತ್ರ ತಪ್ಪಲ್ಲ. ಆದರೆ ಅದು ಎಲೆ ಬಿಡುವುದನ್ನು ಕಲಿಸುತ್ತದೆಯೇ ಹೊರತು ಆಡುವುದನ್ನಲ್ಲ. ಸೆಟ್ ಆದ ಮೇಲೆ ಮುಂದೇನು ಎಂಬಲ್ಲಿಗೆ ಬಂದಾಗ ಲೇಖನವು ‘ಬಲೆ ಬೀಸಿ ಕಾಯಿರಿ’ ಎಂಬ ಮೂರು ಪದಗಳಲ್ಲಿ ವಿಷಯವನ್ನು ಮುಗಿಸಿಬಿಟ್ಟಿದೆ. ಇಂಥ ಮೇಜುಗಳಲ್ಲೇ ಹಲವು ವರ್ಷ ಕುಳಿತು, ಆ ಮೂರು ಪದಗಳಿಗೆ ಸಾಕಷ್ಟು ಚಿಪ್ಸ್ ತೆತ್ತಿರುವ ನನಗೆ ಸುಮ್ಮನಿರಲಾಗುತ್ತಿಲ್ಲ.

ಮೊದಲಿಗೆ ಒಂದು ಅಂಕಿಯನ್ನು ಸರಿಪಡಿಸಬೇಕಾಗಿದೆ. ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಸೆಟ್ ಆಗುವುದು ‘ಏಳೂವರೆ ಬಾರಿಗೆ ಒಮ್ಮೆ’ ಎಂದು ಲೇಖನದಲ್ಲಿದೆ. ಏಳೂವರೆಗೆ ಒಂದು ಎಂಬುದು ಆಗದಿರುವುದಕ್ಕೂ ಆಗುವುದಕ್ಕೂ ಇರುವ ಅನುಪಾತ. ಒಟ್ಟು ಬಾರಿಗಳ ಲೆಕ್ಕ ಹಿಡಿದರೆ ಅದು ಎಂಟೂವರೆ ಬಾರಿಗೆ ಒಮ್ಮೆ. ನಾವು ಕಾಣದ 50 ಎಲೆಗಳಿಂದ ಮೂರನ್ನು 19,600 ರೀತಿಯಲ್ಲಿ ತೆಗೆಯಬಹುದು. ಅವುಗಳ ಪೈಕಿ ನಮಗೆ ಬೇಕಾದ ಎರಡು ಎಲೆಗಳಲ್ಲಿ ಒಂದೂ ಬಾರದಂಥವು 17,296. ಉಳಿದ 2,304 ಶೇ 11.8ಕ್ಕಿಂತ ತುಸು ಕಡಿಮೆಯಾಗುತ್ತದೆ. ಒಂದು ಬಾರಿಯ ವ್ಯತ್ಯಾಸ ತಾನೇ ಎಂದು ಅನ್ನಿಸಬಹುದು. ಎಷ್ಟು ಚಿಪ್ಸ್ ಕೊಟ್ಟು ಫ್ಲಾಪ್ ನೋಡಬೇಕು ಎಂಬ ತೀರ್ಮಾನವೆಲ್ಲ ನಿಂತಿರುವುದು ಇದೇ ಅಂಕಿಯ ಮೇಲಾದ್ದರಿಂದ ಅದು ನೆಟ್ಟಗಿರುವುದು ಒಳ್ಳೆಯದು.

ಇದಕ್ಕೆ ಇನ್ನೊಂದು ಲೆಕ್ಕವನ್ನು ಜೋಡಿಸಿ ನೋಡಿದರೆ ನನ್ನ ಆಕ್ಷೇಪ ಏನೆಂಬುದು ತಿಳಿಯುತ್ತದೆ. ಎರಡು ಎಲೆಗಳ 1,326 ಸಂಯೋಜನೆಗಳಲ್ಲಿ ಎರಡರಿಂದ ಆರರವರೆಗಿನ ಜೋಡಿಗಳು ಕೇವಲ 30. ಅಂದರೆ ಸುಮಾರು 44 ಕೈಗಳಿಗೊಮ್ಮೆ (ಒಂದು ಸಲ ಎಲೆ ಹಂಚಿ ಆಡುವುದೇ ಒಂದು ಕೈ) ಇಂಥದ್ದೊಂದು ಬರುತ್ತದೆ. ಬಂದ ಪ್ರತಿ ಸಲವೂ ಫ್ಲಾಪ್ ನೋಡಿದರೂ ಸೆಟ್ ಆಗುವುದು ಸುಮಾರು 375 ಕೈಗಳಿಗೆ ಒಂದು ಸಲ. ಡೀಲರ್ ಎಲೆ ಹಂಚುವ ಮೇಜಿನಲ್ಲಿ ಗಂಟೆಗೆ 25ರಿಂದ 30 ಕೈಗಳು ಮುಗಿಯುತ್ತವೆ ಎಂದುಕೊಂಡರೆ, ಹನ್ನೆರಡರಿಂದ ಹದಿನೈದು ಗಂಟೆ ಕುರ್ಚಿ ಬಿಡದೆ ಕೂತವರಿಗೆ ಒಂದು ಸೆಟ್. ಇಷ್ಟು ಹೊತ್ತು ಕಾದು ಕೈಗೆ ಸಿಕ್ಕಿದ್ದನ್ನು ‘ಚೆಕ್’, ಅಂದರೆ ಸದ್ಯಕ್ಕೆ ಬೆಟ್ ಇಲ್ಲ, ಎಂದು ಮೇಜು ತಟ್ಟಿ ಮುಂದಿನವರಿಗೆ ದಾಟಿಸಿರಿ ಎನ್ನುವುದು ಯಾವ ಜಾಣತನ?

ನಾನೇ ಹಾಗೆ ಮೇಜು ತಟ್ಟಿದ ಒಂದು ಕೈಯನ್ನು ಹೇಳುತ್ತೇನೆ. ಎಲ್ಲರ ಮುಂದೆಯೂ ಸುಮಾರು ನೂರು ದೊಡ್ಡ ಬ್ಲೈಂಡ್‌ನಷ್ಟು ಚಿಪ್ಸ್ ಇದ್ದವು. ದೊಡ್ಡ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಒಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತ, ಸಣ್ಣ ಬ್ಲೈಂಡ್ ಅದರ ಅರ್ಧ; ಮುಂದಿನ ಮೊತ್ತಗಳೆಲ್ಲ ದೊಡ್ಡ ಬ್ಲೈಂಡ್‌ಗಳ ಲೆಕ್ಕದಲ್ಲಿವೆ. ಆರಂಭದ ಜಾಗದಲ್ಲಿದ್ದವರು ಪಣವನ್ನು ನಾಲ್ಕು ಬ್ಲೈಂಡ್‌ಗೆ ಏರಿಸಿದರು, ಅಂದರೆ ರೈಸ್ ಮಾಡಿದರು. ನನ್ನ ಕೈಯಲ್ಲಿ ಇಸ್ಪೀಟಿನ ನಾಲ್ಕು ಮತ್ತು ಡೈಮನ್ನಿನ ನಾಲ್ಕು, ಅಷ್ಟೇ ಮೊತ್ತ ಹಾಕಿ ಕಾಲ್ ಮಾಡಿದೆ. ಬಟನ್‌ನಲ್ಲಿದ್ದವರೂ (ಫ್ಲಾಪ್ ನಂತರ ಕೊನೆಗೆ ಆಡುವ ಜಾಗ ಅದು) ದೊಡ್ಡ ಬ್ಲೈಂಡ್ ಕಟ್ಟಿದವರೂ ಜೊತೆಗೂಡಿದರು. ಸಣ್ಣ ಬ್ಲೈಂಡ್ ಬಿಟ್ಟುಹೋದ ಅರ್ಧವೂ ಸೇರಿ ಪಾಟ್, ಅಂದರೆ ಗೆದ್ದವರಿಗೆ ಸೇರುವ ಒಟ್ಟು ಮೊತ್ತ, ಹದಿನಾರೂವರೆ ಆಯಿತು. ಫ್ಲಾಪ್‌ನಲ್ಲಿ ಆಟೀನಿನ ರಾಜ, ಆಟೀನಿನ ಒಂಬತ್ತು, ಕಳಾವರಿನ ನಾಲ್ಕು. ಮೊದಲಿಬ್ಬರೂ ಚೆಕ್ ಮಾಡಿದರು. ನನಗೆ ಎದೆ ಹೊಡೆದುಕೊಳ್ಳುತ್ತಿದ್ದರೂ ಮುಖದಲ್ಲಿ ಬೇಸರ ತಂದುಕೊಂಡು ಚೆಕ್ ಮಾಡಿದೆ, ಬಟನ್‌ನವರು ಬೆಟ್ ಮಾಡುತ್ತಾರೆಂಬ ಭರವಸೆಯಲ್ಲಿ. ಅವರೂ ಚೆಕ್ ಮಾಡಿಬಿಟ್ಟರು. ಟರ್ನ್‌ನಲ್ಲಿ ಆಟೀನಿನ ಆರು ಬಿತ್ತು. ದೊಡ್ಡ ಬ್ಲೈಂಡ್‌ನವರು ಹನ್ನೆರಡು ಬೆಟ್ ಮಾಡಿದರು, ಮೊದಲು ರೈಸ್ ಮಾಡಿದವರು ಕಾಲ್ ಮಾಡಿದರು, ಪಾಟ್‌ನ ಬೆಲೆ ನೋಡಿ ನಾನೂ ಕಾಲ್ ಮಾಡಿದೆ. ಯಾರಿಗಾದರೂ ಫ್ಲಶ್ (ಒಂದೇ ಬಣ್ಣದ, ಅಂದರೆ ಎಲ್ಲವೂ ಆಟೀನು ಅಥವಾ ಎಲ್ಲವೂ ಇಸ್ಪೀಟು ಎಂಬಂಥ, ಐದೆಲೆ) ಆಗಿದ್ದರೂ, ಮೇಜಿನ ಮೇಲೆ ಜೋಡಿಯಾದರೆ ಅಥವಾ ನಾಲ್ಕನೆಯ ನಾಲ್ಕು ಬಂದರೆ ನಾನೇ ಗೆಲ್ಲುವವನು, ಅಂಥ ಎಲೆಗಳು 46ರಲ್ಲಿ ಹತ್ತಿದ್ದವು. ರಿವರ್‌ನಲ್ಲಿ ಇಸ್ಪೀಟಿನ ಎರಡು ಬಿತ್ತು. ಮೂವತ್ತರ ಬೆಟ್ ಬಂತು. ರೈಸ್ ಮಾಡಿದ್ದವರು ರಾಜ-ರಾಣಿಯನ್ನು ಮೇಲ್ಮುಖವಾಗಿ ತೋರಿಸಿ ಎಸೆದರು. ನಾನು ಬಿಡಲಾರದೆ ಕಾಲ್ ಮಾಡಿ ಆಟೀನಿನ ಹತ್ತು ಮತ್ತು ಎಂಟನ್ನು ನೋಡಿದೆ.

ಫ್ಲಶ್ ಆದವರ ಅದೃಷ್ಟವನ್ನು ನಾನು ದೂರುತ್ತಿಲ್ಲ. ನಾನು ಬೆಟ್ ಮಾಡಿದ್ದರೂ ಅವರು ಕಾಲ್ ಮಾಡಿ ಅದೇ ಆರನ್ನು ಕಾಣುವ ಸಾಧ್ಯತೆ ಇದ್ದೇ ಇತ್ತು. ಆದರೆ ಆಗ ಅವರು ಬೆಲೆ ಕೊಟ್ಟು ನೋಡುತ್ತಿದ್ದರು. ಹನ್ನೊಂದು ಬ್ಲೈಂಡ್ ಬೆಟ್ ಮಾಡಿದ್ದರೆ, ಇಪ್ಪತ್ತೇಳೂವರೆಯ ಪಾಟ್‌ಗಾಗಿ ಅವರು ಹನ್ನೊಂದು ಕೊಡಬೇಕಾಗುತ್ತಿತ್ತು. ಅಂದರೆ ಎರಡೂವರೆಗೆ ಒಂದು. ಉಳಿದ 47 ಎಲೆಗಳಲ್ಲಿ ಆಟೀನು ಒಂಬತ್ತೇ ಇರುವಾಗ ಫ್ಲಶ್ ಆಗದಿರುವುದಕ್ಕೂ ಆಗುವುದಕ್ಕೂ ಅನುಪಾತ ನಾಲ್ಕಕ್ಕಿಂತ ಹೆಚ್ಚಿಗೆ ಒಂದು, ಅಂದರೆ ಆ ಬೆಲೆ ಅವರಿಗೆ ದುಬಾರಿ. ಆ ಒಂಬತ್ತರಲ್ಲೂ ಒಂದು ಆಟೀನಿನ ನಾಲ್ಕು. ಅದು ಬಿದ್ದಿದ್ದರೆ ಅವರಿಗೆ ಫ್ಲಶ್, ನನಗೆ ನಾಲ್ಕೂ ನಾಲ್ಕುಗಳು. ಅದಕ್ಕಿಂತ ದೊಡ್ಡ ಹಬ್ಬ ಬೇರೆ ಇರಲಿಲ್ಲ. ಇಷ್ಟಾಗಿಯೂ ನನ್ನನ್ನು ಇಂದಿಗೂ ಕಾಡುವುದು ಆ ಫ್ಲಶ್ ಅಲ್ಲ, ಎಸೆದುಹೋದ ರಾಜ-ರಾಣಿ. ಆಟ ಮುಗಿಸಿ ಏಳುವಾಗ ಆ ಮಹಾಶಯರು ತಾವಾಗಿಯೇ ಹೇಳಿದರು: ‘ಫ್ಲಾಪ್‌ನಲ್ಲೇ ಯಾರಾದರೂ ಬೆಟ್ ಮಾಡಿದ್ದರೆ ನಾನು ಬಿಡುತ್ತಲೇ ಇರಲಿಲ್ಲ.’

ಪಾಟ್ ಹೇಗೆ ಬೆಳೆಯುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡದವರಿಗೆ ಆ ಮಾತಿನ ತೂಕ ತಿಳಿಯದು. ಹದಿನಾರೂವರೆಯ ಪಾಟ್‌ಗೆ ಹನ್ನೊಂದು ಬೆಟ್ ಮಾಡಿ ಒಬ್ಬರೇ ಕಾಲ್ ಮಾಡಿದರೂ ಅದು ಮೂವತ್ತೆಂಟೂವರೆ ಆಗುತ್ತದೆ. ಟರ್ನ್‌ನಲ್ಲಿ ಇಪ್ಪತ್ತಾರು ಹಾಕಿಸಿದರೆ ತೊಂಬತ್ತೂವರೆ. ಆಗ ಇಬ್ಬರ ಮುಂದೆಯೂ ಉಳಿದಿರುವುದು ತಲಾ ಐವತ್ತೊಂಬತ್ತು. ರಿವರ್‌ನಲ್ಲಿ ಅದಷ್ಟನ್ನೂ ಮುಂದಕ್ಕೆ ತಳ್ಳಿದರೆ ಅದು ಪಾಟ್‌ನ ಮೂರನೇ ಎರಡು ಭಾಗದಷ್ಟೇ ಆಗಿರುತ್ತದೆ, ರಾಜನ ಜೋಡಿ ಹಿಡಿದವರ ಕಣ್ಣಿಗೆ ಅಸಹಜವಾಗಿ ಕಾಣುವುದೂ ಇಲ್ಲ. ಫ್ಲಾಪ್‌ನ ಒಂದು ಸುತ್ತನ್ನು ಸುಮ್ಮನೆ ಕಳೆದರೆ ಇದೇ ಅಳತೆಯ ಎರಡು ಬೆಟ್‌ಗಳಲ್ಲಿ ಸೇರುವುದು ಹನ್ನೊಂದು ಮತ್ತು ಇಪ್ಪತ್ತಾರು, ಒಟ್ಟು ಮೂವತ್ತೇಳು. ತೊಂಬತ್ತಾರರ ಜಾಗದಲ್ಲಿ ಮೂವತ್ತೇಳು. ಪಾಟ್ ಬೆಳೆಯುವುದು ಗುಣಾಕಾರದಲ್ಲಿ. ಮೊದಲ ಸುತ್ತಿನಲ್ಲಿ ಬಿಟ್ಟ ಹನ್ನೊಂದು ಕೊನೆಯ ಸುತ್ತಿನಲ್ಲಿ ಐವತ್ತೊಂಬತ್ತಾಗಿ ಕೈ ತಪ್ಪುತ್ತದೆ.

ಬಲೆ ಬೀಸುವ ಈ ಗೀಳು ಎಲ್ಲಿಂದ ಬಂತೆಂದು ನಾನು ಯೋಚಿಸಿದ್ದೇನೆ. ಎದುರಾಳಿ ಪ್ರತಿ ಬೆಟ್‌ನ ಹಿಂದೆ ಏನಿದೆಯೆಂದು ಓದಬಲ್ಲವನಾಗಿದ್ದು, ಅನುಮಾನ ಬಂದ ಕೂಡಲೇ ಎಲೆ ಬಿಡುವವನಾಗಿದ್ದರೆ ಬಲ ಮರೆಸುವುದರಲ್ಲಿ ಅರ್ಥವಿದೆ. ದೊಡ್ಡ ಮೇಜುಗಳ ಪ್ರಸಾರದಲ್ಲಿ ನಾವು ನೋಡುವುದು ಅಂಥವರನ್ನು. ಸಣ್ಣ ಮೊತ್ತದ ಮೇಜಿನ ಸಾಮಾನ್ಯ ದೋಷವೇ ಬೇರೆ: ಅಲ್ಲಿ ಜನ ಬಿಡುವುದಿಲ್ಲ. ರಾಜನ ಜೋಡಿ, ಒಂಬತ್ತರ ಜೋಡಿ, ಮಧ್ಯದಲ್ಲಿ ಒಂದೆಲೆ ಕಾಣೆಯಾದ ಸ್ಟ್ರೇಟ್ (ಅಂಕಿಗಳು ಸಾಲಾಗಿ ಬರುವ ಐದೆಲೆ), ‘ಒಂದು ಸಲ ನೋಡೇಬಿಡೋಣ’ ಎಂಬ ಕುತೂಹಲ, ಎಲ್ಲವೂ ಕಾಲ್ ಮಾಡುತ್ತವೆ. ಆದರೆ ಅದೇ ಜನ ತಾವಾಗಿ ಬೆಟ್ ಮಾಡುವುದು ಕಡಿಮೆ. ಕೊಡಲು ಸಿದ್ಧರಿರುವವರನ್ನು ಕೇಳದೆ ಕೂರುವುದು, ಕೇಳದೆಯೇ ಕೊಟ್ಟಾರೆಂದು ಕಾಯುವುದು, ಇವೆರಡನ್ನೂ ಒಟ್ಟಿಗೆ ಮಾಡಿಸುತ್ತದೆ ಈ ಬಲೆ. ಮೇಲಾಗಿ ಸೆಟ್ ತಾನಾಗಿಯೇ ಮರೆಯಾಗಿರುವ ಕೈ. ಮೇಜಿನ ಮೇಲೆ ರಾಜ, ಒಂಬತ್ತು, ನಾಲ್ಕು ಇದ್ದಾಗ ಬೆಟ್ ಮಾಡಿದವರ ಬಳಿ ನಾಲ್ಕರ ಜೋಡಿ ಇದೆಯೆಂದು ಯಾರೂ ಮೊದಲಿಗೆ ಊಹಿಸುವುದಿಲ್ಲ.

ಚೆಕ್ ಮಾಡಬಾರದೆಂಬುದು ಶಾಸನವೇನಲ್ಲ. ಎದುರಿಗಿರುವುದು ಒಬ್ಬರೇ ಆಗಿದ್ದು, ಫ್ಲಾಪ್‌ನ ಮೂರೆಲೆಗಳೂ ಬೇರೆ ಬೇರೆ ಬಣ್ಣದ, ಒಂದಕ್ಕೊಂದು ದೂರದ ಎಲೆಗಳಾಗಿದ್ದು, ಆ ಒಬ್ಬರು ಸಿಕ್ಕ ಅವಕಾಶಕ್ಕೆಲ್ಲ ಬೆಟ್ ಮಾಡುವ ಸ್ವಭಾವದವರಾಗಿದ್ದರೆ ಅವರ ಕೈಯಿಂದಲೇ ಪಾಟ್ ಬೆಳೆಸಲಿ ಎಂದು ನಾನೂ ಬಿಡುತ್ತೇನೆ. ಅಂಥ ಮೂರೂ ಕೂಡಿಬರುವುದು ಅಪರೂಪ.

ಇನ್ನು ಸೆಟ್ ಆಗದ ಸಂದರ್ಭ. ಇಲ್ಲಿ ಲೇಖಕರ ಸೂತ್ರಕ್ಕೆ ನನ್ನ ಬಹುತೇಕ ಒಪ್ಪಿಗೆಯಿದೆ, ಕಾರಣಗಳನ್ನು ಮಾತ್ರ ಅವರು ಹೇಳಿಲ್ಲ. ಎರಡರ ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ತಮ್ಮ ಜೋಡಿಗಿಂತ ದೊಡ್ಡದಾದ ಎಲೆ ಬಂದೇ ಬರುತ್ತದೆ, ಏಕೆಂದರೆ ಕಟ್ಟಿನಲ್ಲಿ ಉಳಿದಿರುವ ಎರಡುಗಳು ಎರಡೇ, ಫ್ಲಾಪ್‌ಗೆ ಬೇಕಾದದ್ದು ಮೂರೆಲೆ. ಐದರ ಜೋಡಿಗೂ ದೊಡ್ಡ ಎಲೆಯಿಲ್ಲದ ಫ್ಲಾಪ್ ನೂರಕ್ಕೆ ಎರಡು ಬಾರಿ ಪೂರ್ತಿ ದೊರೆಯದು. ಹೀಗೆ ಕೆಳಗೆ ಬಿದ್ದ ಜೋಡಿ ಟರ್ನ್‌ನಲ್ಲಿ ಸುಧಾರಿಸಿಕೊಳ್ಳಲು ಇರುವುದು 47ರಲ್ಲಿ ಎರಡೆಲೆ, ಅಂದರೆ ಶೇ 4.3, ರಿವರ್‌ವರೆಗೆ ಕಾದರೂ ಶೇ 8.4. ಅರ್ಧ ಪಾಟ್‌ನ ಬೆಟ್ ಎದುರಾದಾಗ ಕಾಲ್ ಮಾಡಲು ನಮ್ಮ ಕೈ ನಾಲ್ಕರಲ್ಲಿ ಒಂದು ಬಾರಿಯಾದರೂ ಗೆಲ್ಲಬೇಕು. ಮೂರ್ನಾಲ್ಕು ಜನ ಉಳಿದಿರುವ ಪಾಟ್‌ನಲ್ಲಿ ಯಾರಿಗೋ ಒಬ್ಬರಿಗೆ ಏನೋ ಒಂದು ತಾಗಿರುತ್ತದೆ.

‘ಬ್ಲಫ್ ಮಾಡಿ ಎಲ್ಲರನ್ನೂ ಬಿಡಿಸುತ್ತೇನೆ’ ಎನ್ನುವವರೂ ಇದ್ದಾರೆ. ಅರ್ಧ ಪಾಟ್‌ನ ಬ್ಲಫ್ ನಷ್ಟವಾಗದಿರಲು ಮೂರರಲ್ಲಿ ಒಂದು ಬಾರಿ ಎಲ್ಲರೂ ಬಿಡಬೇಕು. ಎದುರಿಗೆ ಮೂವರಿದ್ದರೆ ಅದಕ್ಕಾಗಿ ಒಬ್ಬೊಬ್ಬರೂ ಸುಮಾರು ಶೇ 69 ಬಾರಿ ಬಿಡುವವರಾಗಿರಬೇಕು. ನಾನು ಆಡುವ ಮೇಜಿನಲ್ಲಿ ಎಲೆ ನೋಡದೆಯೇ ಇದಕ್ಕಿಂತ ಹೆಚ್ಚು ಬಾರಿ ಕಾಲ್ ಮಾಡುವವರು ಇಬ್ಬರಾದರೂ ಇರುತ್ತಾರೆ.

ಆದರೆ ಒಬ್ಬರೇ ಎದುರಾಳಿ ಉಳಿದಾಗ ಸೂತ್ರವನ್ನು ಕುರುಡಾಗಿ ಅನುಸರಿಸುವುದು ತಪ್ಪಾಗುತ್ತದೆ. ರೈಸ್ ಮಾಡಿದ್ದು ನಾನೇ ಆಗಿದ್ದು, ದೊಡ್ಡ ಬ್ಲೈಂಡ್‌ನವರೊಬ್ಬರೇ ಕಾಲ್ ಮಾಡಿ, ಫ್ಲಾಪ್‌ನಲ್ಲಿ ಬೇರೆ ಬೇರೆ ಬಣ್ಣದ ರಾಜ, ಏಳು, ಎರಡು ಬಂದು ಅವರು ಚೆಕ್ ಮಾಡಿದರೆ, ಐದರ ಜೋಡಿಯಿಂದ ಪಾಟ್‌ನ ಮೂರನೇ ಒಂದು ಭಾಗವನ್ನು ನಾನು ಬೆಟ್ ಮಾಡುತ್ತೇನೆ. ಅದು ನಾಲ್ಕರಲ್ಲಿ ಒಂದು ಬಾರಿ ಫಲಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಹತ್ತು-ಎಂಟಿನಂಥ ಆರೆಲೆಗಳ ಆಸೆಯಿರುವ ಕೈಗಳು ಬಿಟ್ಟುಹೋಗುತ್ತವೆ. ಕಾಲ್ ಬಂದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಟರ್ನ್‌ನಲ್ಲಿ ಮತ್ತೆ ಬೆಟ್ ಮಾಡುವುದಿಲ್ಲ. ರೈಸ್ ಮಾಡಿದ್ದು ಎದುರಿನವರಾಗಿದ್ದು ಅಂಥದೇ ಒಣ ಫ್ಲಾಪ್‌ನಲ್ಲಿ ಸಣ್ಣ ಬೆಟ್ ಬಂದರೆ ಒಂದು ಸಲ ಕಾಲ್ ಮಾಡಲು ಅಡ್ಡಿಯಿಲ್ಲ, ಶೇ 20 ಗೆದ್ದರೆ ಲೆಕ್ಕ ಸರಿಹೋಗುತ್ತದೆ. ಎರಡನೆಯ ಬೆಟ್‌ಗೆ ಮಾತ್ರ ಎಲೆ ಕೆಳಗಿಡಬೇಕು. ಸಣ್ಣ ಮೇಜುಗಳಲ್ಲಿ ಟರ್ನ್‌ನ ದೊಡ್ಡ ಬೆಟ್ ಸುಳ್ಳು ಹೇಳುವುದು ಬಹಳ ವಿರಳ.

ಮೇಜಿನ ಮೇಲೇ ಜೋಡಿ ಬಿದ್ದಾಗ ಇನ್ನೊಂದು ಅಪಾಯವಿದೆ, ಹೊಸಬರು ಅದನ್ನು ಗಮನಿಸುವುದೇ ಇಲ್ಲ. ನನ್ನ ಬಳಿ ನಾಲ್ಕರ ಜೋಡಿ, ಫ್ಲಾಪ್‌ನಲ್ಲಿ ಒಂಬತ್ತು, ಒಂಬತ್ತು, ಏಳು ಎಂದುಕೊಳ್ಳಿ. ಈಗ ನನ್ನದು ಎರಡು ಜೋಡಿ, ಎದುರಿನವರ ಕೈಯಲ್ಲಿರುವ ಎಕ್ಕ-ಗುಲಾಮ ಇನ್ನೂ ಸೋಲುತ್ತಿದೆ. ಅಷ್ಟರಲ್ಲಿ ಇನ್ನೊಂದು ಏಳು ಬಿದ್ದರೆ ಒಂಬತ್ತು ಮತ್ತು ಏಳರ ಜೋಡಿಗಳು ಎಲ್ಲರಿಗೂ ಸೇರಿದವು. ನನ್ನ ನಾಲ್ಕುಗಳು ಲೆಕ್ಕಕ್ಕೇ ಬಾರದೆ ಐದನೆಯ ಎಲೆಯಾಗಿ ಅವರ ಎಕ್ಕ ಗೆಲ್ಲುತ್ತದೆ. ಎದುರಿನವರ ಎಲೆಗೆ ಯಾವ ಸುಧಾರಣೆಯೂ ಆಗದೆ ನಾನು ಸೋತಿರುತ್ತೇನೆ.

ಆರರ ಜೋಡಿಗೆ ಐದು, ಮೂರು, ಎರಡು ಎಂಬಂಥ ಫ್ಲಾಪ್ ಬಂದಾಗಲೂ ಸೂತ್ರ ಕೈಕೊಡುತ್ತದೆ. ಸೆಟ್ ಆಗಿಲ್ಲ ನಿಜ, ಆದರೆ ಆ ಕ್ಷಣಕ್ಕೆ ನಮ್ಮ ಕೈಯೇ ಮುಂದಿರುವ ಸಂಭವ ಹೆಚ್ಚು. ತೊಂದರೆಯೆಂದರೆ ಟರ್ನ್‌ಗೆ ಬರಬಹುದಾದ 47 ಎಲೆಗಳಲ್ಲಿ 32 ಆರಕ್ಕಿಂತ ದೊಡ್ಡವು. ಎರಡು ದೊಡ್ಡ ಎಲೆ ಹಿಡಿದ ಒಬ್ಬೊಬ್ಬರಿಗೂ ರಿವರ್‌ವರೆಗೆ ಜೋಡಿ ಸಿಗುವುದು ನಾಲ್ಕರಲ್ಲೊಂದು ಬಾರಿ. ಇಲ್ಲಿ ಪಾಟ್‌ನ ಮೂರನೇ ಎರಡು ಭಾಗದಷ್ಟು ಬೆಟ್ ಮಾಡಿ ಬೆಲೆ ಕೇಳಬೇಕು, ಯಾರಾದರೂ ರೈಸ್ ಮಾಡಿದರೆ ಜಂಬವಿಲ್ಲದೆ ಬಿಡಬೇಕು. 2004ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಕೊನೆಯ ಕೈಯಲ್ಲಿ ಗ್ರೆಗ್ ರೇಮರ್ ಅವರು ಎಂಟರ ಜೋಡಿಯಿಂದ, ನಾಲ್ಕು, ಎರಡು, ಐದರ ಫ್ಲಾಪ್ ಮೇಲೆ ಡೇವಿಡ್ ವಿಲಿಯಮ್ಸ್ ಅವರ ಎಕ್ಕ-ನಾಲ್ಕನ್ನು ಸೋಲಿಸಿ ಗೆದ್ದದ್ದನ್ನು ಕೆಲವರು ಉದಾಹರಿಸುತ್ತಾರೆ. ಅಲ್ಲಿ ಮೇಜಿನಲ್ಲಿ ಉಳಿದಿದ್ದವರು ಇಬ್ಬರೇ. ಇಬ್ಬರ ನಡುವೆ ಎಂಟರ ಜೋಡಿಗೆ ಇರುವ ಬೆಲೆ ಐವರ ನಡುವಿನ ಆರರ ಜೋಡಿಗೆ ಇಲ್ಲ.

ಫ್ಲಾಪ್‌ಗೆ ಮುಂಚಿನ ಮಾತನ್ನು ಮೂರೇ ವಾಕ್ಯದಲ್ಲಿ ಹೇಳಬಹುದು. ನಾಲ್ಕು ಬ್ಲೈಂಡ್ ಕೊಟ್ಟು ಫ್ಲಾಪ್ ನೋಡುವುದಾದರೆ ಎದುರಿನವರ ಮುಂದೆ ಅದರ ಹದಿನೈದು-ಇಪ್ಪತ್ತು ಪಟ್ಟಾದರೂ ಇರಬೇಕು, ಏಕೆಂದರೆ ಆದ ಸೆಟ್‌ಗಳೆಲ್ಲ ಪೂರ್ತಿ ಹಣ ತರುವುದಿಲ್ಲ, ಕೆಲವು ಸೋಲುವುದೂ ಉಂಟು. ಜೊತೆಗೆ ಮೇಜು ನಡೆಸುವವರು ಪಾಟ್‌ನಿಂದ ತೆಗೆಯುವ ರೇಕ್‌ಗೆ ಸಾಮಾನ್ಯವಾಗಿ ಒಂದು ಗರಿಷ್ಠ ಮಿತಿ ಇರುವುದರಿಂದ ಅದರ ಹೊರೆ ಸಣ್ಣ ಪಾಟ್‌ಗಳ ಮೇಲೇ ಹೆಚ್ಚು ಬೀಳುತ್ತದೆ. ಸೆಟ್ ಹಿಡಿದು ಸಣ್ಣ ಪಾಟ್ ಗೆಲ್ಲುವುದು ಈ ದೃಷ್ಟಿಯಿಂದಲೂ ನಷ್ಟವೇ.

ಸೆಟ್ ಯಾವಾಗ ಸೋಲುತ್ತದೆ ಎಂಬ ಭಯದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಜನ ಚೆಕ್ ಮಾಡುವುದಕ್ಕೆ ದುರಾಸೆಯಷ್ಟೇ ಈ ಭಯವೂ ಕಾರಣ. ಇಬ್ಬರ ಕೈಯಲ್ಲಿ ಬೇರೆ ಬೇರೆ ಜೋಡಿಗಳಿದ್ದಾಗ ಇಬ್ಬರಿಗೂ ಫ್ಲಾಪ್‌ನಲ್ಲಿ ಸೆಟ್ ಆಗುವುದು ಸುಮಾರು ನೂರಕ್ಕೆ ಒಂದು ಬಾರಿ, ಅದೂ ಇಬ್ಬರಿಗೂ ಜೋಡಿ ಬಂದಿದ್ದರೆ ಮಾತ್ರ. ಸ್ಟ್ರೇಟ್ ಅಥವಾ ಫ್ಲಶ್‌ಗೆ ಹಿಂದೆ ಬಿದ್ದರೂ, ಫ್ಲಾಪ್‌ನಲ್ಲಿ ಆದ ಸೆಟ್ ರಿವರ್‌ನೊಳಗೆ ಫುಲ್ ಹೌಸ್ (ಒಂದೇ ಅಂಕಿಯ ಮೂರೆಲೆ ಮತ್ತು ಒಂದು ಜೋಡಿ) ಅಥವಾ ಅದಕ್ಕಿಂತ ಮೇಲಿನದಾಗುವುದು ಮೂರರಲ್ಲಿ ಒಂದು ಬಾರಿ. ಮೇಜಿನ ಮೇಲೆ ಒಂದೇ ಬಣ್ಣದ ನಾಲ್ಕು ಎಲೆ ಬಿದ್ದು ರಿವರ್‌ನಲ್ಲಿ ದೊಡ್ಡ ಬೆಟ್ ಬಂದಾಗ ನಾನು ಬಿಡುತ್ತೇನೆ. ಅದನ್ನು ಹೊರತುಪಡಿಸಿದರೆ ಫ್ಲಾಪ್‌ನಲ್ಲಿ ಆದ ಸೆಟ್ ಬಿಟ್ಟ ನೆನಪು ನನಗಿಲ್ಲ. ಮೂರರ ಜೋಡಿಗೆ ರಾಣಿ, ಎಂಟು, ಮೂರರ ಫ್ಲಾಪ್ ಬಂದಿದ್ದ ಒಂದು ರಾತ್ರಿ, ಗಂಟೆಗೊಂದು ಕೈ ಆಡುವ ಹಿರಿಯರೊಬ್ಬರು ನನ್ನ ಬೆಟ್‌ಗೆ ರೈಸ್ ಮಾಡಿದಾಗ ಪೂರ್ತಿ ಚಿಪ್ಸ್ ಹಾಕಿ ಅವರ ಎಂಟರ ಸೆಟ್ ನೋಡಿದೆ. ಕೆಲವು ವಾರಗಳ ಬಳಿಕ ಅದೇ ಹಿರಿಯರು ಅದೇ ಗಾಂಭೀರ್ಯದಿಂದ ರೈಸ್ ಮಾಡಿದರು, ನನ್ನ ಬಳಿ ಎರಡರ ಸೆಟ್ ಇತ್ತು, ಅವರ ಬಳಿ ಇದ್ದದ್ದು ಎಕ್ಕ-ರಾಣಿ ಮತ್ತು ಮೇಜಿನ ಮೇಲಿನ ಒಂದು ಎಕ್ಕ.

ಇದೆಲ್ಲವನ್ನೂ ಪ್ರಕಟಿಸಲು ಸ್ಥಳಾವಕಾಶವಿಲ್ಲದಿದ್ದರೆ, ಏಳೂವರೆಯನ್ನು ಎಂಟೂವರೆಯಾಗಿ ತಿದ್ದುವ ಒಂದು ಸಾಲನ್ನಾದರೂ ಮುಂದಿನ ಭಾನುವಾರದ ಪುರವಣಿಯಲ್ಲಿ ಹಾಕಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ